ತಾಳ ಹಾಕಿಕೊಂಡು ಜಾಝ್ ಕೇಳುವುದು: 1950ರ ದಶಕದ ಸಣ್ಣ ತಂಡಗಳ ಆಲ್ಬಮ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಜಾಝ್ ಕೇಳಲು ಕೂತವರು ಸಾಮಾನ್ಯವಾಗಿ ಎರಡನೇ ನಿಮಿಷದ ಹೊತ್ತಿಗೆ ದಾರಿ ತಪ್ಪುತ್ತಾರೆ. ಮೊದಲು ಒಂದು ಧಾಟಿ ಬರುತ್ತದೆ, ಹಿತವಾಗಿರುತ್ತದೆ, ಗುನುಗಬಹುದು. ಆಮೇಲೆ ಟ್ರಂಪೆಟ್ಟಿನವನೋ ಸ್ಯಾಕ್ಸೊಫೋನಿನವನೋ ಏನನ್ನೋ ಕಲ್ಪಿಸಿಕೊಂಡು ನುಡಿಸತೊಡಗುತ್ತಾನೆ. ಎಲ್ಲಿ ಶುರು, ಎಲ್ಲಿ ಮುಕ್ತಾಯ, ಯಾಕೆ ಈಗ ಇನ್ನೊಬ್ಬ ಎತ್ತಿಕೊಂಡ, ಒಂದೂ ತಿಳಿಯುವುದಿಲ್ಲ. ಕೆಳಗೆ ಸುತ್ತುತ್ತಿರುವ ಆವರ್ತ ಕೈಗೆ ಸಿಗದಿರುವುದೇ ಇದಕ್ಕೆ ಕಾರಣ. ಮೊದಲ ಧಾಟಿ ಎಷ್ಟು ಉದ್ದವಿತ್ತೋ ಅಷ್ಟೇ ಉದ್ದದ ಸುತ್ತು, ಅದೇ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಂಪುಗಳ) ಸಾಲಿನೊಂದಿಗೆ, ಕೊನೆಯವರೆಗೂ ತಿರುಗುತ್ತಲೇ ಇರುತ್ತದೆ. ಧಾಟಿಯನ್ನು ಜಾಝ್‌ನವರು ಹೆಡ್ ಅನ್ನುತ್ತಾರೆ, ಒಂದು ಪೂರ್ತಿ ಸುತ್ತನ್ನು ಕೋರಸ್ ಅನ್ನುತ್ತಾರೆ. ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕಿ ಅಭ್ಯಾಸವಿರುವವರಿಗೆ ಈ ಸುತ್ತನ್ನು ಹಿಡಿಯುವುದು ಒಂದು ವಾರದ ಕೆಲಸ. ಹಾರ್ಮನಿಯ ಪಾಠವನ್ನು ಬೇಕಿದ್ದರೆ ಆಮೇಲೆ ಕಲಿಯಬಹುದು.

ಮೊದಲು ಬೇಸ್ ಕೇಳಿಸಬೇಕು

ಇಡೀ ವಿಧಾನ ನಿಂತಿರುವುದು ಡಬಲ್ ಬೇಸ್ ಮೇಲೆ. ಅದರ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಆ ಭಾಗ ಬರುವುದೇ ಇಲ್ಲ. ಟ್ರಂಪೆಟ್ ಮತ್ತು ಸಿಂಬಲ್ ಮಾತ್ರ ಉಳಿದು ಎಲ್ಲವೂ ಕಿರಿಕಿರಿ ಅನಿಸುತ್ತದೆ. ಜಾಝ್ ಇಷ್ಟವಾಗಲಿಲ್ಲ ಅನ್ನುವ ಎಷ್ಟೋ ಜನ ನಿಜಕ್ಕೂ ಬೇಸ್ ಇಲ್ಲದ ಜಾಝ್ ಕೇಳಿದವರು. ಕಿವಿಗೆ ಸರಿಯಾಗಿ ಕೂರುವ ಸಾಧಾರಣ ಹೆಡ್‌ಫೋನ್ ಸಾಕು.

ಎರಡನೆಯದು, ಎರಡೂ ಕಿವಿಗೆ ಹಾಕಿಕೊಳ್ಳಿ. 1950ರ ದಶಕದ ಕೊನೆಯಲ್ಲಿ ಸ್ಟೀರಿಯೊ ಹೊಸದು. ವಾದ್ಯಗಳನ್ನು ಒಂದೊಂದು ಪಕ್ಕಕ್ಕೆ ಪೂರ್ತಿ ತಳ್ಳಿ ಇಡುತ್ತಿದ್ದರು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಸ್ಟೀರಿಯೊದಲ್ಲಿ ಪಿಯಾನೊ ಮತ್ತು ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಎಡಕ್ಕೆ, ಡ್ರಮ್ಸ್ ಮತ್ತು ಇನ್ನೊಬ್ಬ ಸ್ಯಾಕ್ಸೊಫೋನಿನವ ಕ್ಯಾನನ್‌ಬಾಲ್ ಆ್ಯಡರ್ಲಿ ಬಲಕ್ಕೆ. ಬಸ್ಸಿನಲ್ಲಿ ಒಂದೇ ಇಯರ್‌ಬಡ್ ಸಿಕ್ಕಿಸಿಕೊಂಡು ಕೇಳಿದರೆ ಒಬ್ಬ ಸ್ಯಾಕ್ಸೊಫೋನ್ ವಾದಕನೇ ಅರ್ಧ ಮಾಯವಾಗುತ್ತಾನೆ. ಒಂದೇ ಕಿವಿಯಲ್ಲಿ ಕೇಳಲೇಬೇಕಾದರೆ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಮೋನೊ ಆಡಿಯೊ ಆನ್ ಮಾಡಿ.

ಷಫಲ್ ಆಫ್ ಮಾಡಿ. ಆಮೇಲೆ, ಮೂಲ ಎಲ್‌ಪಿಯಲ್ಲಿ ಎಷ್ಟು ಹಾಡುಗಳಿದ್ದವು ಎಂದು ನೋಡಿಕೊಳ್ಳಿ. ‘ಕೈಂಡ್ ಆಫ್ ಬ್ಲೂ’ದಲ್ಲಿ ಇದ್ದದ್ದು ಐದು. ಸಿಡಿ ಕಾಲದಲ್ಲಿ ಕೊನೆಗೆ ‘ಫ್ಲಮೆಂಕೊ ಸ್ಕೆಚಸ್’ನ ಇನ್ನೊಂದು ಟೇಕ್ ಅಂಟಿಸಿದರು. ಡ್ರಮ್ಮರ್ ಆರ್ಟ್ ಬ್ಲೇಕಿಯ ‘ಮೋನಿನ್’ನ ಒಂದು ಮರುಮುದ್ರಣದಲ್ಲಂತೂ ಮೊದಲ ಟ್ರ್ಯಾಕೇ ಟ್ರಂಪೆಟ್ ವಾದಕನಿಗೂ ರೆಕಾರ್ಡಿಸ್ಟ್‌ಗೂ ನಡೆದ ಮಾತುಕತೆ. ಹೊಸಬರಿಗೆ ಇವು ಬೇಡ. ಎಲ್‌ಪಿಯ ಒಂದು ಮೈ ಸುಮಾರು 20 ನಿಮಿಷ. ಒಂದು ಸಲಕ್ಕೆ ಅಷ್ಟೇ ಕೇಳಿ.

ಆದಿತಾಳದಿಂದ ಶುರು

ಈ ಆಲ್ಬಮ್‌ಗಳ ಬಹುಪಾಲು ಹಾಡುಗಳು ನಾಲ್ಕು ಎಣಿಕೆಯ ಬಾರ್‌ನಲ್ಲಿವೆ. ಎರಡು ಬಾರ್ ಸೇರಿದರೆ ಎಂಟು ಎಣಿಕೆ, ಒಂದು ಆದಿತಾಳ. ಹಾಗಾಗಿ ಬೆರಳೆಣಿಕೆಯಲ್ಲಿ ಕಲಿತದ್ದನ್ನೇ ಇಲ್ಲಿ ಬಳಸಬಹುದು: ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ.

ತೊಡಕು ಒಂದಿದೆ. ಜಾಝ್ ಡ್ರಮ್ಮರ್ ಎಡಗಾಲಿನಿಂದ ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ‘ಚಿಕ್’ ಎಂದು ಮುಚ್ಚುವುದು ಪ್ರತಿ ಬಾರ್‌ನ 2 ಮತ್ತು 4ನೇ ಎಣಿಕೆಗೆ. ಅಂದರೆ ನಿಮ್ಮ ಕೈಯಲ್ಲಿ ಕಿರುಬೆರಳು, ನಡುಬೆರಳು ಮತ್ತು ಎರಡೂ ಹುಸಿಗಳ ಮೇಲೆ. ಪೆಟ್ಟಿನ ಮೇಲೆ ಶಬ್ದ ಬರುವುದನ್ನೇ ಕೇಳಿ ಬೆಳೆದ ನಮ್ಮ ಕೈ ಆ ‘ಚಿಕ್’ ಕೇಳಿದ ಕೂಡಲೇ ಅದೇ ಸಮ ಎಂದುಕೊಂಡು ಒಂದು ಎಣಿಕೆ ಜಾರುತ್ತದೆ. ಹೀಗೆ ಜಾರಿದರೆ ಇಡೀ ಹಾಡು ತಲೆಕೆಳಗಾಗಿ ಕೇಳಿಸುತ್ತದೆ. ಪರಿಹಾರ ಇಷ್ಟೇ: ಹುಸಿಗೆ ‘ಚಿಕ್’ ಬರುತ್ತಿದೆಯೇ ನೋಡಿ. ಬಂದರೆ ನೀವು ಸರಿ.

ಬಲಗೈಯಲ್ಲಿ ಡ್ರಮ್ಮರ್ ದೊಡ್ಡ ಸಿಂಬಲ್ ಮೇಲೆ ‘ಡಿಂಗ್, ಡಿಂಗ-ಡ, ಡಿಂಗ್, ಡಿಂಗ-ಡ’ ಎಂದು ಹೊಡೆಯುತ್ತಿರುತ್ತಾನೆ. ಆ ‘ಡಿಂಗ-ಡ’ದಲ್ಲಿ ಮಧ್ಯಮ ಕಾಲದಲ್ಲಿ ಮೊದಲರ್ಧ ಉದ್ದ, ಎರಡನೆಯದು ಗಿಡ್ಡ, ತಿಶ್ರದ ಮೂರರಲ್ಲಿ ಎರಡು ಪಾಲು, ಒಂದು ಪಾಲು ಎಂದುಕೊಳ್ಳಿ. ವೇಗ ಏರಿದಂತೆ ಈ ವ್ಯತ್ಯಾಸ ಕರಗಿ ಸಮವಾಗುತ್ತದೆ, ಹಾಗಾಗಿ ಕಟ್ಟುನಿಟ್ಟಾದ ತಿಶ್ರ ನಡೆ ಎಂದು ಹಿಡಿದು ಕೂರಬೇಡಿ.

12 ಬಾರ್: ಎರಡನೇ ಹಾಡಿನಿಂದ ಆರಂಭಿಸಿ

ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊದಲ್ಲಿ ರೆಕಾರ್ಡ್ ಆದದ್ದು. ಆ ಕಟ್ಟಡ ಮೊದಲು ಚರ್ಚ್ ಆಗಿತ್ತು. ಎಲ್ಲರೂ ಈ ಆಲ್ಬಮ್ಮನ್ನೇ ಮೊದಲು ಕೇಳಿ ಅನ್ನುತ್ತಾರೆ, ಸರಿಯೇ. ಆದರೆ ಮೊದಲ ಹಾಡು ‘ಸೋ ವಾಟ್’ ಎಣಿಸುವವರಿಗೆ ಮೋಸದ ಹಾಡು. ಎರಡನೆಯದಾದ ‘ಫ್ರೆಡಿ ಫ್ರೀಲೋಡರ್’ ಹಾಕಿ.

ಇದು 12 ಬಾರ್‌ಗಳ ಬ್ಲೂಸ್ ಎಂಬ ಅಚ್ಚು: 48 ಎಣಿಕೆ, ಆರು ಆದಿತಾಳ. ಒಂದು ಸುತ್ತಿಗೆ ಸುಮಾರು 22 ಸೆಕೆಂಡ್. ಬೇಸ್ ಎಲ್ಲಿ ನಿಂತಿದೆ ಎಂಬುದನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಮೊದಲ ಎರಡು ಆವರ್ತನ ಷಡ್ಜದ ಮೇಲೆ, ಮೂರನೆಯದು ಮಧ್ಯಮದ ಮೇಲೆ, ನಾಲ್ಕನೆಯದು ಮತ್ತೆ ಷಡ್ಜ, ಐದನೆಯದರ ಮೊದಲರ್ಧ ಪಂಚಮ, ಎರಡನೆಯರ್ಧ ಮಧ್ಯಮ. ಆರನೆಯದರಲ್ಲಿ ಬ್ಲೂಸ್‌ಗಳು ಸಾಮಾನ್ಯವಾಗಿ ಷಡ್ಜಕ್ಕೆ ಮರಳುತ್ತವೆ. ಈ ಹಾಡು ಮರಳದೆ ಕೈಶಿಕಿ ನಿಷಾದದ ಮೇಲೆ ನೇತಾಡುತ್ತದೆ. ಮನೆ ಬಾಗಿಲವರೆಗೆ ಬಂದು ಹೊಸ್ತಿಲ ಹೊರಗೇ ನಿಂತ ಹಾಗೆ. ಈ ನಿಷಾದವೇ ನಿಮ್ಮ ಗುರುತು: ಅದು ಕೇಳಿಸಿತೆಂದರೆ ಎಂಟು ಎಣಿಕೆಯಲ್ಲಿ ಹೊಸ ಸುತ್ತು ಶುರು.

ಹಾಡನ್ನು ಮೂರು ಸಲ ಕೇಳಬೇಕು. ಮೊದಲ ಸಲ ಪಾಲ್ ಚೇಂಬರ್ಸ್‌ನ ಬೇಸ್ ಬಿಟ್ಟು ಬೇರೇನನ್ನೂ ಗಮನಿಸಬೇಡಿ. ನಾಲ್ಕೂ ಎಣಿಕೆಗೆ ಒಂದೊಂದು ಸ್ವರ ಹಾಕುತ್ತ ನಡೆಯುತ್ತಿರುತ್ತಾನೆ. ಇದಕ್ಕೆ ವಾಕಿಂಗ್ ಬೇಸ್ ಎಂದೇ ಹೆಸರು. ಎರಡನೇ ಸಲ ತಾಳ ಹಾಕಿ, ಆರು ಆವರ್ತನ ಮುಗಿದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು ಎಳೆಯಿರಿ. ಮೂರನೇ ಸಲ ತಾಳ ನಿಲ್ಲಿಸದೆ ಸೋಲೋ, ಅಂದರೆ ಒಬ್ಬೊಬ್ಬನೇ ಕಲ್ಪಿಸಿ ನುಡಿಸುವ ಭಾಗ, ಕೇಳಿ. ಹೆಡ್ ಎರಡು ಸಲ ಬಂದ ಮೇಲೆ ಪಿಯಾನೊದ ವಿಂಟನ್ ಕೆಲಿ (ಈ ಒಂದು ಹಾಡಿಗೆ ಮಾತ್ರ ಅವನು, ಉಳಿದ ನಾಲ್ಕರಲ್ಲಿ ಬಿಲ್ ಇವಾನ್ಸ್), ಮೈಲ್ಸ್, ಕೋಲ್ಟ್ರೇನ್, ಆ್ಯಡರ್ಲಿ, ಕೊನೆಗೆ ಚೇಂಬರ್ಸ್. ಪ್ರತಿಯೊಬ್ಬನ ಎದುರು ಎಷ್ಟು ಗೀಟು ಬಿದ್ದವು ನೋಡಿ. ಎಲ್ಲರೂ ಪೂರ್ಣ ಸುತ್ತುಗಳಲ್ಲೇ ಮುಗಿಸಿರುತ್ತಾರೆ. ಗೀಟು ಅರ್ಧಕ್ಕೆ ನಿಂತಿದ್ದರೆ ತಪ್ಪಿದ್ದು ನೀವು, ಅವರಲ್ಲ.

32 ಬಾರ್: ‘ಸೋ ವಾಟ್’ನಲ್ಲಿ ಎಲ್ಲಿ ಎಡವುತ್ತೇವೆ

ಇನ್ನೊಂದು ದೊಡ್ಡ ಅಚ್ಚು 32 ಬಾರ್‌ಗಳದು. ಎಂಟು ಬಾರ್‌ಗಳ ನಾಲ್ಕು ಕಂತು: ಅ, ಅ, ಬ, ಅ. ಕಂತಿಗೆ ನಾಲ್ಕು ಆದಿತಾಳ, ಸುತ್ತಿಗೆ ಹದಿನಾರು. ‘ಬ’ ಕಂತನ್ನು ಬ್ರಿಜ್ ಅನ್ನುತ್ತಾರೆ.

‘ಸೋ ವಾಟ್’ನಲ್ಲಿ ಕಾರ್ಡ್‌ಗಳ ಓಡಾಟವೇ ಇಲ್ಲ, ಇರುವುದು ಒಂದೇ ಸ್ವರಶ್ರೇಣಿ. ‘ಅ’ ಕಂತಿನಲ್ಲಿ ‘ಡಿ’ಯಿಂದ, ಅಂದರೆ ನಮ್ಮ ಎರಡು ಮನೆ ಶ್ರುತಿಯಿಂದ, ಡೋರಿಯನ್ ಎಂಬ ಶ್ರೇಣಿ, ಸ್ವರಗಳನ್ನು ಬಿಡಿಸಿಟ್ಟರೆ ನೇರವಾಗಿ ಖರಹರಪ್ರಿಯ. ಬ್ರಿಜ್‌ನಲ್ಲಿ ಅದೇ ಖರಹರಪ್ರಿಯ ಎರಡೂವರೆ ಮನೆಗೆ ಏರುತ್ತದೆ, ಎಂಟು ಬಾರ್ ಆದಮೇಲೆ ಇಳಿಯುತ್ತದೆ. ಗಮಕವಿಲ್ಲದ ಕಾರಣ ರಾಗವೆಂದು ಕರೆಯಲಾಗದು, ಆದರೆ ಶ್ರುತಿ ಅರ್ಧ ಮನೆ ಏರಿದ್ದನ್ನು ಗುರುತಿಸಲು ನಮ್ಮ ಕಿವಿಗೆ ಏನೂ ಕಷ್ಟವಿಲ್ಲ. (ಅದೇ ಆಲ್ಬಮ್ಮಿನ ‘ಆಲ್ ಬ್ಲೂಸ್’ ಐದು ಮನೆಯ ಷಡ್ಜದಿಂದ ಹರಿಕಾಂಭೋಜಿಯ ಸ್ವರಗಳಲ್ಲಿ ಆರಂಭವಾಗುತ್ತದೆ, ಬಾರ್‌ಗೆ ನಾಲ್ಕರ ಬದಲು ಆರು ಎಣಿಕೆ.)

ಎಡವುವ ಜಾಗ ಇದು: ಒಂದು ಸುತ್ತಿನ ಕೊನೆಯ ‘ಅ’, ಮುಂದಿನ ಸುತ್ತಿನ ಮೊದಲ ಎರಡು ‘ಅ’, ಮೂರೂ ಒಂದೇ ಶ್ರುತಿಯಲ್ಲಿ ಸಾಲಾಗಿ ಬರುತ್ತವೆ. 24 ಬಾರ್, ಹನ್ನೆರಡು ಆದಿತಾಳ, ಮಧ್ಯೆ ಯಾವ ಗುರುತೂ ಇಲ್ಲ. ಇಲ್ಲಿ ಸುತ್ತಿನ ಆರಂಭವನ್ನು ಹುಡುಕಬೇಡಿ. ಬ್ರಿಜ್‌ನ ಏರಿಕೆಯನ್ನೇ ಗೂಟ ಮಾಡಿಕೊಳ್ಳಿ: ಏರಿದಾಗ ನಾಲ್ಕು ಆವರ್ತನ, ಇಳಿದಾಗ ಇನ್ನು ನಾಲ್ಕು, ಅಲ್ಲಿಗೆ ಸುತ್ತು ಮುಗಿಯಿತು. ಮೊದಲ ಸೋಲೋ ಶುರುವಾಗುವ ಕ್ಷಣ ಮಾತ್ರ ಸ್ಪಷ್ಟವಾಗಿದೆ. ಸುಮಾರು ಒಂದೂವರೆ ನಿಮಿಷದ ಹೊತ್ತಿಗೆ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ದೊಡ್ಡ ಏಟು ಕೊಡುತ್ತಾನೆ. ಅಲ್ಲಿಂದ ಎಣಿಸಿ. ಮೈಲ್ಸ್ ಎರಡು ಸುತ್ತು, ಕೋಲ್ಟ್ರೇನ್ ಎರಡು, ಆ್ಯಡರ್ಲಿ ಎರಡು, ಇವಾನ್ಸ್ ಒಂದು. ಒಂದು ಸುತ್ತಿಗೆ ಒಂದು ನಿಮಿಷಕ್ಕಿಂತ ತುಸು ಕಡಿಮೆ.

ಶ್ರುತಿಪೆಟ್ಟಿಗೆ ಇಟ್ಟುಕೊಂಡು ಪರೀಕ್ಷಿಸುವವರಿಗೆ ಎಚ್ಚರಿಕೆ. ಮಾರ್ಚ್ 2ರಂದು ರೆಕಾರ್ಡಿಂಗ್ ಯಂತ್ರ ತುಸು ನಿಧಾನ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರಿತು. ಹೀಗಾಗಿ ಹಳೆಯ ಎಲ್‌ಪಿಗಳ ಮೊದಲ ಮೈಯ ಮೂರೂ ಹಾಡುಗಳು ತಮ್ಮ ಶ್ರುತಿಗಿಂತ ಸ್ವಲ್ಪ ಮೇಲೆ ನಿಂತು ಪೆಟ್ಟಿಗೆಯೊಂದಿಗೆ ಜಗಳವಾಡುತ್ತವೆ. ಜೊತೆಯಲ್ಲಿ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಇದನ್ನು ತಿದ್ದಿದ್ದು 1992ರ ಆವೃತ್ತಿಯಲ್ಲಿ. ಹಳೆಯ ಎಲ್‌ಪಿಯ ಜೊತೆ ಪೆಟ್ಟಿಗೆ ಕೂಡದಿದ್ದರೆ ನಿಮ್ಮ ಕಿವಿಯನ್ನು ಅನುಮಾನಿಸಬೇಡಿ.

ಅಅಬಅ ಅಚ್ಚು ಇನ್ನೂ ಸುಲಭವಾಗಿ ಬೇಕಿದ್ದರೆ ‘ಮೋನಿನ್’. 1958ರ ಅಕ್ಟೋಬರ್ 30ರಂದು ನ್ಯೂಜೆರ್ಸಿಯ ಹ್ಯಾಕನ್ಸ್ಯಾಕ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ತನ್ನ ತಂದೆತಾಯಿಯ ಮನೆಯ ನಡುಮನೆಯಲ್ಲಿ ಮಾಡಿಕೊಂಡಿದ್ದ ಸ್ಟುಡಿಯೊದಲ್ಲಿ ರೆಕಾರ್ಡ್ ಆಯಿತು. ಹಗಲು ಕಣ್ಣಿನ ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದ ಮನುಷ್ಯ ಅವನು. ‘ಅ’ ಕಂತಿನಲ್ಲಿ ಪಿಯಾನೊ ಒಂದು ಸಾಲು ಹೇಳುತ್ತದೆ, ಊದುವ ವಾದ್ಯಗಳು ಎರಡೇ ಸ್ವರದಲ್ಲಿ ‘ಆ-ಮೆನ್’ ಎಂದು ಒಪ್ಪುತ್ತವೆ. ಭಜನೆಯಲ್ಲಿ ಒಬ್ಬ ಹೇಳಿ ಉಳಿದವರು ತಿರುಗಿ ಹೇಳಿದ ಹಾಗೆ. ಪಿಯಾನೊ ಒಂಟಿಯಾಗಿ ಹೇಳುವಾಗ ಲಯವಾದ್ಯ ನಿಲ್ಲುತ್ತದೆ, ಕೈ ನಿಲ್ಲಿಸಬೇಡಿ. ಬ್ರಿಜ್‌ನಲ್ಲಿ ಎಲ್ಲರೂ ಕೂಡಿ ಓಡುತ್ತಾರೆ, ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಲೀ ಮಾರ್ಗನ್‌ಗೆ ಆಗ ಇಪ್ಪತ್ತು ವರ್ಷ; ಆ ಟ್ರಂಪೆಟ್ ಸೋಲೋದ ಮೊದಲ ಕಂತನ್ನು ಬಾಯಿಪಾಠ ಮಾಡಿ. ಇದು ಕೇಳುವಿಕೆಯನ್ನು ಬದಲಿಸುವ ಅಭ್ಯಾಸ.

ಯಾರು ನುಡಿಸುತ್ತಿದ್ದಾರೆ

ಆಲ್ಟೊ ಮತ್ತು ಟೆನರ್ ಸ್ಯಾಕ್ಸೊಫೋನ್‌ಗಳನ್ನು ಬೇರೆ ಮಾಡಲಾಗದೆ ಹಲವರು ಒದ್ದಾಡುತ್ತಾರೆ. ಕನ್ನಡಿಗರಿಗೆ ಇದು ಸುಲಭ: ಕದ್ರಿ ಗೋಪಾಲನಾಥ್ ನುಡಿಸುತ್ತಿದ್ದದ್ದು ಆಲ್ಟೊ. ಆ ಎತ್ತರದ, ನಾದಸ್ವರಕ್ಕೆ ಹತ್ತಿರದ ದನಿ ಕಿವಿಯಲ್ಲಿದ್ದರೆ ಆ್ಯಡರ್ಲಿ ಸಿಕ್ಕ ಹಾಗೆಯೇ. ಕೋಲ್ಟ್ರೇನ್‌ನ ಟೆನರ್ ಅದಕ್ಕಿಂತ ದಪ್ಪ, ಗಂಡಸು ಎದೆಯಿಂದ ಮಾತಾಡಿದಂತೆ. ಟ್ರಂಪೆಟ್ ಬಾಯಿಗೆ ಲೋಹದ ಮ್ಯೂಟ್ ಸಿಕ್ಕಿಸಿದರೆ ದನಿ ಸೂಜಿಯಷ್ಟು ಸಣ್ಣಗಾಗುತ್ತದೆ. ‘ಬ್ಲೂ ಇನ್ ಗ್ರೀನ್’ನಲ್ಲಿ ಮೈಲ್ಸ್ ನುಡಿಸಿದ್ದು ಹೀಗೆ, ಆ ಹಾಡಿನಲ್ಲಿ ಆ್ಯಡರ್ಲಿ ಇಲ್ಲವೇ ಇಲ್ಲ, ಹುಡುಕಬೇಡಿ. ಅದರ ಸುತ್ತು ಬೇರೆ 10 ಬಾರ್‌ಗಳದು. ಅದನ್ನು ಎಣಿಸುವ ಗೋಜಿಗೆ ಎರಡನೇ ತಿಂಗಳು ಹೋಗಿ.

ಒಬ್ಬನನ್ನೇ ಹಿಂಬಾಲಿಸುವುದು

ಮೂರು ಊದುವ ವಾದ್ಯಗಳ ತಂಡದಿಂದ ಒಂದೇ ವಾದ್ಯದ ತಂಡಕ್ಕೆ ಬನ್ನಿ. ಸನ್ನಿ ರಾಲಿನ್ಸ್‌ನ ‘ಸ್ಯಾಕ್ಸೊಫೋನ್ ಕೊಲೋಸಸ್’, 1956ರ ಜೂನ್ 22, ಅದೇ ಹ್ಯಾಕನ್ಸ್ಯಾಕ್. ಟೆನರ್, ಟಾಮಿ ಫ್ಲ್ಯಾನಗನ್‌ನ ಪಿಯಾನೊ, ಡಗ್ ವಾಟ್ಕಿನ್ಸ್‌ನ ಬೇಸ್, ಮ್ಯಾಕ್ಸ್ ರೋಚ್‌ನ ಡ್ರಮ್ಸ್. ಮೊದಲ ಹಾಡು ‘ಸೇಂಟ್ ಥಾಮಸ್’ ಕೆರಿಬಿಯನ್ ಧಾಟಿ, 16 ಬಾರ್‌ಗಳ ಗಿಡ್ಡ ಸುತ್ತು. ಡ್ರಮ್ ಸೋಲೋ ಆದಮೇಲೆ ಲಯದ ನಡೆ ಬದಲಾಗಿ ವಾಕಿಂಗ್ ಬೇಸ್ ಬರುತ್ತದೆ, ಸುತ್ತಿನ ಉದ್ದ ಮಾತ್ರ ಅಷ್ಟೇ.

ನಿಜವಾದ ಪಾಠವಿರುವುದು ಕೊನೆಯ ‘ಬ್ಲೂ 7’ನಲ್ಲಿ. ಹನ್ನೊಂದು ನಿಮಿಷ, ಮತ್ತೆ 12 ಬಾರ್. ಬೇಸ್ ಒಂದೇ ಆರಂಭಿಸುವುದರಿಂದ ತಾಳ ಕೂರಿಸಲು ಸಮಯ ಸಿಗುತ್ತದೆ. ರಾಲಿನ್ಸ್ ಮೊದಲು ಹಿಡಿಯುವ ಎರಡು-ಮೂರು ಸ್ವರಗಳ ತುಣುಕನ್ನು ಕಾಗದದ ಮೇಲೆ ಗೆರೆಯಾಗಿ ಬರೆದುಕೊಳ್ಳಿ: ಏರಿತೇ, ಇಳಿಯಿತೇ, ಎಲ್ಲಿ ಬಿಡುವು. ಮುಂದೆ ಅದೇ ತುಣುಕು ಹಿಗ್ಗಿ, ಕುಗ್ಗಿ, ತಲೆಕೆಳಗಾಗಿ ಮರಳುತ್ತಿರುತ್ತದೆ. ನೆರವಲ್ ಕೇಳಿದವರಿಗೆ ಈ ಹಟ ಪರಿಚಿತ. ಇದರಲ್ಲಿ ರಾಲಿನ್ಸ್ ಬಿಡುವ ಮೌನ ಬೇಸರ ತರಿಸಬಹುದು. ಆ ಮೌನದಲ್ಲಿ ರೋಚ್ ಏನು ಮಾಡುತ್ತಾನೆ ಕೇಳಿ.

ಇದೇ ಹೊತ್ತಿಗೆ ‘ಫೋರ್ಸ್’ ಅನ್ನೂ ಗುರುತಿಸಲು ಕಲಿಯಿರಿ. ಹಲವು ಹಾಡುಗಳ ಕೊನೆಯ ಭಾಗದಲ್ಲಿ ಸೋಲೋದವನು ನಾಲ್ಕು ಬಾರ್, ಡ್ರಮ್ಮರ್ ನಾಲ್ಕು ಬಾರ್ ಎಂದು ಹಂಚಿಕೊಳ್ಳುತ್ತಾರೆ. ತನಿ ಆವರ್ತನದಲ್ಲಿ ಮೃದಂಗ-ಘಟಗಳ ಸವಾಲ್ ಜವಾಬಿನಂತೆ. ಡ್ರಮ್ ಪಾಲಿಗೆ ಎರಡೇ ಆದಿತಾಳ. ಆ ಹದಿನಾರು ಎಣಿಕೆಯಲ್ಲಿ ಬೇಸ್ ನಿಂತಿರುತ್ತದೆ, ತಾಳ ತಪ್ಪುವುದು ಅಲ್ಲೇ.

ಐದು ಮತ್ತು ಒಂಬತ್ತು

ಡೇವ್ ಬ್ರೂಬೆಕ್ ತಂಡದ ‘ಟೈಮ್ ಔಟ್’ (1959) ನಮಗೆ ಬೇಗ ಒಗ್ಗುತ್ತದೆ. ಪಾಲ್ ಡೆಸ್ಮಂಡ್ ಬರೆದ ‘ಟೇಕ್ ಫೈವ್’ ಐದು ಎಣಿಕೆಯದು, ಆದರೆ ಖಂಡಚಾಪು ಹಾಕಿದರೆ ಹೊಂದುವುದಿಲ್ಲ. ಖಂಡಚಾಪು 2+3, ಇದು 3+2. ‘ತಕಿಟ ತಕ’ ಎನ್ನಿ. ಬ್ರೂಬೆಕ್ ಪಿಯಾನೊದಲ್ಲಿ ಒಂದೇ ಮಾದರಿ ಹಿಡಿದು ಕೊನೆಯವರೆಗೂ ತಾಳ ಹಾಕುವವನ ಕೆಲಸ ಮಾಡುತ್ತಾನೆ. ಸೋಲೋಗಳಿಗೆ ಇಲ್ಲಿ ದೊಡ್ಡ ಸುತ್ತು ಇಲ್ಲ, ಐದನ್ನು ಹಿಡಿದರೆ ಸಾಕು. ಜೋ ಮೊರೆಲೊನ ಡ್ರಮ್ ಸೋಲೋದಲ್ಲಿ ಪಿಯಾನೊವನ್ನೇ ಹಿಡಿದುಕೊಂಡಿರಿ.

‘ಬ್ಲೂ ರೊಂಡೊ ಅಲಾ ಟರ್ಕ್’ ಒಂಬತ್ತು: ತಕ ತಕ ತಕ ತಕಿಟ, ಮೂರು ಸಲ, ನಾಲ್ಕನೇ ಸಲ ತಕಿಟ ತಕಿಟ ತಕಿಟ. 1958ರಲ್ಲಿ ಅಮೆರಿಕ ಸರ್ಕಾರ ಕಳಿಸಿದ ಪ್ರವಾಸದಲ್ಲಿ ತಂಡ ಟರ್ಕಿಗೂ ಭಾರತಕ್ಕೂ ಬಂದಿತ್ತು. ಟರ್ಕಿಯ ಬೀದಿಯಲ್ಲಿ ಕೇಳಿದ ಲಯ ಇದು. ನಡುವೆ ಒಂಬತ್ತು ಮತ್ತು ನಾಲ್ಕು ಎಣಿಕೆಗಳು ಎರಡೆರಡು ಬಾರ್‌ಗಳಂತೆ ಅದಲುಬದಲಾಗಿ, ಆಮೇಲೆ ಸೋಲೋಗಳು ನಾಲ್ಕರಲ್ಲೇ ನಿಲ್ಲುತ್ತವೆ. ಎಣಿಸಿ ನೋಡಿ, ಅದು ನಿಮ್ಮ ಹಳೆಯ 12 ಬಾರ್ ಬ್ಲೂಸ್.

ತಾಳ ಯಾರೂ ಹೇಳದಿರುವಾಗ

1961ರ ಜೂನ್ 25ರ ಭಾನುವಾರ ಬಿಲ್ ಇವಾನ್ಸ್, ಸ್ಕಾಟ್ ಲಫಾರೊ (ಬೇಸ್), ಪಾಲ್ ಮೋಶನ್ (ಡ್ರಮ್ಸ್) ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಐದು ಸೆಟ್ ನುಡಿಸಿದರು. ಎರಡು ಆಲ್ಬಮ್ ಬಂದವು. ಹನ್ನೊಂದೇ ದಿನ ಕಳೆದು, ಜುಲೈ 6ರಂದು ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಇಲ್ಲಿ ಬೇಸ್ ನಡೆಯುವುದನ್ನು ಬಿಟ್ಟು ಪಿಯಾನೊದ ಜೊತೆ ಮಾತಿಗಿಳಿಯುತ್ತದೆ, ಡ್ರಮ್ಮರ್ ಕೋಲಿನ ಬದಲು ಹಿಡಿದ ಬ್ರಶ್‌ಗಳು ಎಣಿಕೆಯನ್ನು ಉಸುರುತ್ತವೆ ಅಷ್ಟೇ. ಮೂರು ಎಣಿಕೆಯ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನಿಂದ ಆರಂಭಿಸಿ. ಕಳೆದುಹೋದರೆ ಹಿಂದೆ ಹೋಗಬೇಡಿ. ಬಾರ್ ಬಾರ್ ಹಿಡಿಯುತ್ತ ಕಾಯಿರಿ, ಹೆಡ್ ಮರಳಿದಾಗ ಸೇರಿಕೊಳ್ಳಿ. ಗ್ಲಾಸುಗಳ ಸದ್ದು, ಮಾತು ಕೇಳಿಸಿದರೆ ಅದು ಪ್ರತಿಯ ದೋಷವಲ್ಲ, ಅಲ್ಲಿ ಕೂತಿದ್ದವರದು.

ಮುಂದಿನದನ್ನು ಆರಿಸುವಾಗ

ಬಿಡುಗಡೆಯ ವರ್ಷ ನೋಡಿ ಜೋಡಿಸಬೇಡಿ, ರೆಕಾರ್ಡ್ ಆದ ದಿನಾಂಕ ನೋಡಿ. ಮೈಲ್ಸ್ ತನ್ನ ಐವರ ತಂಡದೊಂದಿಗೆ ಪ್ರೆಸ್ಟೀಜ್ ಕಂಪನಿಗೆ 1956ರ ಮೇ 11 ಮತ್ತು ಅಕ್ಟೋಬರ್ 26, ಎರಡೇ ದಿನದಲ್ಲಿ ನುಡಿಸಿಕೊಟ್ಟದ್ದು ‘ಕುಕಿನ್’, ‘ರಿಲ್ಯಾಕ್ಸಿನ್’, ‘ವರ್ಕಿನ್’, ‘ಸ್ಟೀಮಿನ್’ ಎಂದು ನಾಲ್ಕು ಆಲ್ಬಮ್‌ಗಳಾಗಿ 1957ರಿಂದ 1961ರವರೆಗೆ ಬಂತು. ಬಿಡುಗಡೆ ವರ್ಷ ನಂಬಿದರೆ ‘ಕೈಂಡ್ ಆಫ್ ಬ್ಲೂ’ ಆದಮೇಲೆ ಅವನು ಹಿಂದಕ್ಕೆ ಹೋದನೆಂಬ ಸುಳ್ಳು ಚಿತ್ರ ಸಿಗುತ್ತದೆ. ಎಲ್‌ಪಿಯ ಹಿಂಬದಿಯಲ್ಲಿ ಬೇಸ್ ಮತ್ತು ಡ್ರಮ್ಸ್ ಯಾರೆಂದು ಓದಿ, ಅವರ ಹೆಸರಿನ ಜಾಡು ಹಿಡಿಯಿರಿ. ಚೇಂಬರ್ಸ್ ಇಷ್ಟವಾದರೆ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’ (1957), ಬ್ಲೇಕಿ ಇಷ್ಟವಾದರೆ ಆ್ಯಡರ್ಲಿಯ ‘ಸಮ್‌ಥಿಂಗ್ ಎಲ್ಸ್’ (1958). ನಾಯಕನ ಹೆಸರಿಗಿಂತ ಈ ದಾರಿ ನಂಬಿಕಸ್ಥ.

ಕೋಲ್ಟ್ರೇನ್‌ನ ‘ಜಯಂಟ್ ಸ್ಟೆಪ್ಸ್’ ಆರು ತಿಂಗಳು ದೂರ ಇಡಿ. ಕಾರ್ಡ್‌ಗಳು ಎಷ್ಟು ಬೇಗ ಬದಲಾಗುತ್ತವೆಂದರೆ ಬೇಸ್ ಹಿಡಿದು ಎಣಿಸುವುದು ದಣಿವಿನ ಕೆಲಸ. ಆರ್ನೆಟ್ ಕೋಲ್ಮನ್‌ನ ‘ದಿ ಶೇಪ್ ಆಫ್ ಜಾಝ್ ಟು ಕಮ್’ 1959ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆದದ್ದು, ಪಿಯಾನೊ ಇಲ್ಲ. ಅಲ್ಲಿ ಈ ಇಡೀ ವಿಧಾನ ಕೈಕೊಡುತ್ತದೆ: ಸೋಲೋದವನು ಸುತ್ತಿನ ಉದ್ದಕ್ಕೆ ಕಟ್ಟುಬಿದ್ದಿಲ್ಲ, ಚಾರ್ಲಿ ಹೇಡನ್‌ನ ಬೇಸ್ ಅವನ ಹಿಂದೆ ಹೋಗುತ್ತದೆ. ಗೀಟು ಎಳೆಯುವುದನ್ನು ನಿಲ್ಲಿಸಿ. ‘ಲೋನ್ಲಿ ವುಮನ್’ನಲ್ಲಿ ಬಿಲಿ ಹಿಗಿನ್ಸ್‌ನ ಸಿಂಬಲ್ ದ್ರುತದಲ್ಲಿ ಓಡುತ್ತಿರುತ್ತದೆ, ಮೇಲೆ ಊದುವವರು ವಿಲಂಬದಲ್ಲಿ ತೇಲುತ್ತಾರೆ, ಕೈ ಸಿಂಬಲ್ ಜೊತೆ ಇರಲಿ, ಕಿವಿ ಅವರ ಜೊತೆ.